ಸಹಾಯ ಬೇಕು: ಕರಿಯನಿಗೆ ಮಾತ್ರೆ ತಿನ್ನಿಸೋದು ಹೇಗೆ?

ನಮಸ್ಕಾರ. ನಾವಿರುವುದು ರಾಜಾಜಿನಗರದಲ್ಲಿ. ನಮ್ಮ ಕರಿಯನಿಗೆ 11 ವರ್ಷ, ಬೀದಿಯಿಂದ ತಂದ ನಾಟಿ ನಾಯಿ. ಮಳೆ ಶುರುವಾದ ಮೇಲೆ ಉಣ್ಣಿ ಕಾಟ ಜಾಸ್ತಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ದಿನಾ ಏಳೆಂಟು ಕೀಳುತ್ತೇನೆ. ಹೋದ ವಾರ ಜ್ವರ ಬಂತು, ಪ್ಲೇಟ್‌ಲೆಟ್ ಕಡಿಮೆ. ಉಣ್ಣಿ ಜ್ವರ ಅಂದರು ಡಾಕ್ಟರು.

28 ದಿನ ಡಾಕ್ಸಿಸೈಕ್ಲಿನ್ ಕೊಡಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಹಾಲು, ಮೊಸರಿನ ಜೊತೆ ಕೊಟ್ಟರೆ ಔಷಧಿ ಸರಿಯಾಗಿ ಹಿಡಿಯುವುದಿಲ್ಲವಂತೆ. ಇವನಿಗೋ ಮೊಸರನ್ನ ಬಿಟ್ಟು ಬೇರೇನೂ ಬೇಡ! ಕೋಳಿ ತುಂಡಲ್ಲಿ ಬಚ್ಚಿಟ್ಟರೆ ಕೋಳಿ ತಿಂದು ಮಾತ್ರೆ ಉಗಿಯುತ್ತಾನೆ. ನೀವೆಲ್ಲ ಏನು ಮಾಡುತ್ತೀರಿ?

ಹಿಂಗಾಲು ನೋವೂ ಇದೆ, ಗ್ರಾನೈಟ್ ನೆಲದಲ್ಲಿ ಜಾರುತ್ತಾನೆ. ಪಕ್ಕದ ಮನೆಯವರು ಪ್ಯಾರಾಸಿಟಮಾಲ್ ಕೊಡಿ ಅಂದರು. ಸದ್ಯ, ಕೊಡಲಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದವರು ಇದ್ದರೆ, ಎಷ್ಟು ಹೊತ್ತಿಗೆ ಹೋಗೋದು ಒಳ್ಳೇದು ಹೇಳಿ. ನಾಯಿ ಹತ್ತಿಸಿಕೊಳ್ಳುವ ಆಟೋದವರು ಗೊತ್ತಿದ್ದರೂ ತಿಳಿಸಿ.