ರಾತ್ರಿ ಎರಡು ಗಂಟೆಗೆ ಕಾಕಟೀಲ್ ಪಂಜರದೊಳಗೆ ಬಡ್ಕೊಳ್ಳುತ್ತೆ, ಎಲ್ಲ ಮಾಡಿ ನೋಡಾಯ್ತು

ತಟ್ಟೆಇಡ್ಲಿ_ತುಮಕೂರು · ಭಾನುವಾರ ಬೆಳಗ್ಗೆ 5:20

ನಿದ್ದೆಗೆಟ್ಟು ಬರೀತಿದ್ದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮೂರು ವಾರದಿಂದ ಮನೇಲಿ ಯಾರಿಗೂ ನಿದ್ದೆ ಇಲ್ಲ. ನಮ್ಮ ಚಿನ್ನು ಲುಟಿನೋ (ಬಿಳಿ-ಹಳದಿ ಬಣ್ಣದ) ಕಾಕಟೀಲ್, ಜುಟ್ಟಿರೋ ಸಣ್ಣ ಗಿಳಿ ಜಾತಿ, ಗಂಡು, ಮೂರು ವರ್ಷ. ಹಗಲು ಏನೇನೂ ತೊಂದರೆ ಇಲ್ಲ. ಕಾಫಿ ಲೋಟದ ಅಂಚಿನ ಮೇಲೆ ಕೂರುತ್ತೆ, ಅತ್ತೆಯ ಕನ್ನಡಕ ಎಳೆಯುತ್ತೆ, ಕುಕ್ಕರ್ ಎರಡು ವಿಷಲ್ ಹಾಕಿದ್ರೆ ಮೂರನೆಯದು ತಾನೇ ಹಾಕಿ ಅರೆಬೆಂದ ಬೇಳೆ ಇಳಿಸೋ ಹಾಗೆ ಮಾಡುತ್ತೆ. ರಾತ್ರಿ ಒಂದೂವರೆ ಎರಡರ ಹೊತ್ತಿಗೆ ಮಾತ್ರ ಇದ್ದಕ್ಕಿದ್ದ ಹಾಗೆ ದಡಬಡ ಅಂತ ಪಂಜರದ ನಾಲ್ಕೂ ಕಡೆ ಬಡ್ಕೊಳ್ಳುತ್ತೆ. ಓಡಿ ಬಂದು ಲೈಟ್ ಹಾಕಿದ್ರೆ ತಳದಲ್ಲಿ ಬಾಯಿ ತೆರೆದು ಏದುಸಿರು ಬಿಡ್ತಾ ಕೂತಿರುತ್ತೆ. ನಿನ್ನೆ ರೆಕ್ಕೆಯ ಗರಿ ಮುರಿದು ರಕ್ತ ಬಂತು. ಅರಿಶಿನ ಒತ್ತಿದ್ವಿ.

ಇಷ್ಟು ಮಾಡಿದ್ದೀನಿ: ಡಾಕ್ಟರ್‌ಗೆ ತೋರಿಸಿದೆ, ಆರೋಗ್ಯವಾಗಿದೆ ಅಂದ್ರು. ಜೋಕಾಲಿ, ಗಂಟೆ ಎಲ್ಲ ತೆಗೆದೆ. ಪಂಜರದ ಸುತ್ತ ಒಂದು ಚೂರೂ ಬೆಳಕು ಹೋಗದ ಹಾಗೆ ಕಪ್ಪು ಬಟ್ಟೆ ಮುಚ್ಚಿದೆ. ಕಡಿಮೆ ಆಗಿಲ್ಲ, ಜಾಸ್ತಿಯೇ ಆಗಿದೆ. ಮನೇಲಿ ಏನೂ ಬದಲಾಗಿಲ್ಲ. "ಗೂಗಲ್ ಮಾಡಿ" ಅನ್ನಬೇಡಿ, ಮಾಡಿ ಸಾಕಾಗಿದೆ.

ಕೊಕ್ಕುಪುಕ್ಕ · 6:02

ಮೈಟ್ಸ್. ನೂರಕ್ಕೆ ನೂರು. ಕೆಂಪು ಮೈಟ್ಸ್ ಹಗಲು ಪಂಜರದ ಸಂದಿಯಲ್ಲಿ, ಕೂರೋ ಕೋಲಿನ ಬಿರುಕಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬಂದು ರಕ್ತ ಹೀರುತ್ತೆ. ಇವತ್ತು ರಾತ್ರಿ ಪಂಜರದ ಕೆಳಗೆ ಹಳೇ ಬಿಳಿ ಪಂಚೆ ಹಾಸಿ. ಬೆಳಗಿನ ಜಾವ ಟಾರ್ಚ್ ಬಿಟ್ಟು ನೋಡಿ, ಕೆಂಪು ಚುಕ್ಕೆ ಓಡಾಡ್ತಿದ್ರೆ ಅದೇ. ನನ್ನ ಹದಿನಾಲ್ಕು ಲವ್ ಬರ್ಡ್ಸ್‌ಗೆ ಇದೇ ಆಗಿತ್ತು.

ಧಾರವಾಡ_ಪೇಢಾ · 6:40

ಮದ್ಲ ರಕ್ತದ್ದು ನೋಡ್ರಿ, ಉಳಿದದ್ದು ಆಮ್ಯಾಲೆ. ತೊಂಬತ್ತ ಗ್ರಾಂ ಹಕ್ಕಿ ಮೈಯಾಗ ರಕ್ತ ಎಲ್ಲಾ ಕೂಡಿ ಎರಡು ಟೀ ಚಮಚದಷ್ಟ ಇರತೈತಿ. ಬೆಳೀಲಿಕ್ಕತ್ತಿದ ಗರಿ ದಂಟಿನಾಗ ರಕ್ತ ತುಂಬಿರತೈತಿ, ಅದು ಮುರಿದ್ರ ನಳ ಬಿಟ್ಟಂಗ ಹರೀತದ. ಕಾರ್ನ್‌ಫ್ಲೋರ್ ಇಟ್ಟು ಹತ್ತಿಲೆ ಎರಡು ಮೂರು ನಿಮಿಷ ಮೆತ್ತಗ ಒತ್ತಿ ಹಿಡೀರಿ. ಎದಿ ಮ್ಯಾಲೆ ಒತ್ತಬ್ಯಾಡ್ರಿ, ಹಕ್ಕಿಗೆ ಎದಿ ಅಲುಗಾಡದಿದ್ರ ಉಸಿರೇ ಇಲ್ಲ. ನಿಲ್ಲದಿದ್ರ ನಡುರಾತ್ರಿ ಆದ್ರೂ ಡಾಕ್ಟರ್ ಕಡೆ ಹೋಗ್ರಿ. ಗರಿ ನೀವ ಕೀಳಲಿಕ್ಕೆ ಹೋಗಬ್ಯಾಡ್ರಿ.

ಕುಡ್ಲದ_ಹಕ್ಕಿ · 7:15

ಇದಕ್ಕೆ ನೈಟ್ ಫ್ರೈಟ್ ಅಂತ ಹೇಳುವುದು ಮಾರಾಯ್ರೆ. ಕಾಕಟೀಲ್‌ಗೆ ಮಾಮೂಲು, ಲುಟಿನೋಗೆ ಇನ್ನೂ ಜಾಸ್ತಿ. ನಿದ್ದೆಯಲ್ಲಿ ಏನೋ ಬೆಚ್ಚಿಸುತ್ತದೆ, ಕತ್ತಲಲ್ಲಿ ಕೋಲು ಎಲ್ಲಿ ಉಂಟು ಅಂತ ಗೊತ್ತಾಗುವುದಿಲ್ಲ, ಹಾರಲು ಹೋಗಿ ಸರಳಿಗೆ ಹೊಡೆದುಕೊಳ್ಳುತ್ತದೆ. ಬೆಚ್ಚಿಸಿದ್ದು ಏನು ಅಂತ ಹುಡುಕಬೇಕು. ನಮ್ಮಲ್ಲಿ ಹಲ್ಲಿ. ಒಮ್ಮೆ ಕೇರೆ ಹಾವೇ ಬಂದಿತ್ತು.

ಮತ್ತೆ ಕೊಕ್ಕುಪುಕ್ಕ ಅವರೇ, ಹದಿನಾಲ್ಕು ಇದ್ದದ್ದು ಲವ್ ಬರ್ಡ್ಸ್ ಅಲ್ಲ, ಬಜ್ಜಿ. ಲವ್ ಬರ್ಡ್ ಆಫ್ರಿಕಾದ್ದು, ಬಜ್ಜಿ ಆಸ್ಟ್ರೇಲಿಯಾದ್ದು.

ಕೊಕ್ಕುಪುಕ್ಕ · 7:21

ಅಂಗಡೀಲಿ ಲವ್ ಬರ್ಡ್ಸ್ ಅಂತಾನೇ ಕೊಡೋದು. ಬಜ್ಜಿ ಅಂದ್ರೆ ಮೆಣಸಿನಕಾಯಿ ತಂದುಕೊಡ್ತಾರೆ.

ಟೆರೇಸ್_ಏವಿಯರಿ · 9:48

ಒಂಟಿ ಹಕ್ಕೀನ ಪಂಜರದಲ್ಲಿ ಇಟ್ಟರೆ ಇದೇ ಕಥೆ. ನಂದು ಟೆರೇಸ್ ಮೇಲೆ ಹನ್ನೆರಡು ಅಡಿಗೆ ಎಂಟು ಅಡಿ, ಅರ್ಧ ಇಂಚಿನ ವೆಲ್ಡ್ ಮೆಶ್, ಎರಡು ಬಾಗಿಲು, ನಡುವೆ ಒಬ್ಬರು ನಿಲ್ಲೋಷ್ಟು ಜಾಗ. ಅರ್ಧ ಭಾಗ ಶೀಟ್, ಅರ್ಧ ಭಾಗ ಬಿಸಿಲು. ಇಪ್ಪತ್ತೆರಡು ಹಕ್ಕಿ, ಒಂದು ದಿನವೂ ರಾತ್ರಿ ಗಲಾಟೆ ಇಲ್ಲ. ಸನ್ ಕಾನ್ಯೂರ್ ಜೋಡಿ, ಫಿಂಚ್, ಕಾಕಟೀಲ್ ಆರು. ನಮ್ಮ ತಾತನ ಕಾಲದಿಂದ ಒಂದು ನಾಟಿ ಗಿಳೀನೂ ಇದ್ದೇ ಇರುತ್ತೆ. ಫೋಟೋ ಬೇಕಾದವರು ಹೇಳಿ.

ಕುಡ್ಲದ_ಹಕ್ಕಿ · 10:05

ಆ ಕೊನೆಯ ಸಾಲು ಅಳಿಸಿ ಮಾರಾಯ್ರೆ. ನಮ್ಮ ಊರಿನ ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ತಾತನ ಕಾಲ ಅಂತ ಕೋರ್ಟಿನಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಕಾನ್ಯೂರ್ ಸರಕಾರದ ಜಾಲತಾಣ ಪರಿವೇಶ್‌ನಲ್ಲಿ ನೋಂದಣಿ ಆಗಿದೆಯಾ?

ಟೆರೇಸ್_ಏವಿಯರಿ · 10:30

ಕಾನ್ಯೂರ್ ಆಗಿದೆ. ಹಾಗಾದ್ರೆ ಇವರ ಕಾಕಟೀಲ್ ಯಾಕೆ ಕೇಳ್ತಿಲ್ಲ?

ಕುಡ್ಲದ_ಹಕ್ಕಿ · 10:41

ಕಾಕಟೀಲ್, ಬಜ್ಜಿ, ಪೀಚ್ ಫೇಸ್ ಲವ್ ಬರ್ಡ್ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲೇ ಇಲ್ಲ, ಅದಕ್ಕೆ ನೋಂದಣಿ ಬೇಡ. ಆಫ್ರಿಕನ್ ಗ್ರೇ ಗಿಳಿ 2017ರಿಂದ ಮೊದಲ ಪಟ್ಟಿಯಲ್ಲೇ ಉಂಟು. ನಾಟಿ ಗಿಳಿಗೆ ಇಲ್ಲಿ ನೋಂದಣಿ ಅಂತಲೇ ಇಲ್ಲ, ಇಡಲಿಕ್ಕೇ ಇಲ್ಲ.

ತಟ್ಟೆಇಡ್ಲಿ_ತುಮಕೂರು · ಸೋಮವಾರ 6:10

ಕಾಯ್ದೆ ಚರ್ಚೆ ಬೇರೆ ಕಡೆ ಮಾಡ್ಕೊಳ್ರಪ್ಪ. ಪಂಚೆ ಹಾಸಿದ್ದೆ. ನವಣೆ ಹೊಟ್ಟು, ಪಿಕ್ಕೆ, ಮೈಯಿಂದ ಉದುರೋ ಬಿಳಿ ಪುಡಿ ಬಿಟ್ರೆ ಏನೂ ಇಲ್ಲ. ರಾತ್ರಿ 2:10ಕ್ಕೆ ಮತ್ತೆ ಆಯ್ತು. ಹಲ್ಲಿ ಕಾಣಿಸಲಿಲ್ಲ.

ಕೊಕ್ಕುಪುಕ್ಕ · 6:25

ಒಂದು ರಾತ್ರಿಗೆ ಸಿಗಲ್ಲ. ಮೂರು ರಾತ್ರಿ ನೋಡಿ. ಅದಕ್ಕೂ ಮುಂಚೆ ಐವರ್‌ಮೆಕ್ಟಿನ್ ಒಂದು ಹನಿ ಕತ್ತಿನ ಹಿಂದೆ ಬಿಟ್ಟುಬಿಡಿ, ದನದ ಔಷಧಿ ಅಂಗಡೀಲಿ ಸಿಗುತ್ತೆ.

ಧಾರವಾಡ_ಪೇಢಾ · 6:33

ಏನ್ ಹೇಳ್ತೀರಿ ನೀವು! ದನಕ್ಕ ಕೊಡೋ ಔಷಧ ತೊಂಬತ್ತ ಗ್ರಾಂ ಜೀವಕ್ಕ ಅಳತಿ ಇಲ್ಲದ ಹನಿ ಬಿಟ್ರ ಮೈಟ್ಸೂ ಇರಂಗಿಲ್ಲ, ಹಕ್ಕಿನೂ ಇರಂಗಿಲ್ಲ. ಡಾಕ್ಟರ್ ಅಳತಿ ಮಾಡಿ ಕೊಟ್ರ ಮಾತ್ರ.

ಕೊಕ್ಕುಪುಕ್ಕ · 6:50

ಹಾಗಾದ್ರೆ ಕ್ಯಾಲ್ಸಿಯಂ ಕೊರತೆ. ಕಟಲ್‌ಬೋನ್ ಇಟ್ಟಿದ್ದೀರಾ? ಪೆಟ್ ಶಾಪಲ್ಲಿ ದುಡ್ಡು ಸುರೀಬೇಡಿ, ಗ್ರಂಧಿಗೆ ಅಂಗಡೀಲಿ ಕಡಲ ನೊರೆ ಅಂತ ಕೇಳಿ, ಅದೇ ಇದು. ಆದ್ರೂ ಕೋಲುಗಳನ್ನ ಒಮ್ಮೆ ಬಿಸಿನೀರಲ್ಲಿ ಅದ್ದಿ ನೋಡಿ, ಮೈಟ್ಸ್ ಇದ್ರೆ ತೇಲುತ್ತೆ.

ತಟ್ಟೆಇಡ್ಲಿ_ತುಮಕೂರು · 7:02

ಕಡಲ ನೊರೆ ಇದೆ, ನವಣೆ ತೆನೆ ಇದೆ, ಸೊಪ್ಪು ಕ್ಯಾರೆಟ್ ಇದೆ, ಬೆಣ್ಣೆಹಣ್ಣು ವಿಷ ಅಂತಾನೂ ಗೊತ್ತು, ನಾನ್‌ಸ್ಟಿಕ್ ತವಾನೂ ಹೊರಗೆ ಹಾಕಿದ್ದೀವಿ. ಮೂರು ವರ್ಷ ಸಾಕಿದ್ದೀನಿ ಸಾರ್. ನನ್ನ ಪ್ರಶ್ನೆ ರಾತ್ರಿ ಎರಡು ಗಂಟೆಯದ್ದು.

ಧಾರವಾಡ_ಪೇಢಾ · 7:20

ಸಿಟ್ಟು ಮಾಡ್ಕೋಬ್ಯಾಡ್ರಿ. ಪಂಜರ ಎಲ್ಲಿ ಐತಿ? ಆಜೂಬಾಜೂ ಏನೇನ ಐತಿ?

ತಟ್ಟೆಇಡ್ಲಿ_ತುಮಕೂರು · 7:24

ಹಾಲ್‌ನಲ್ಲಿ. ಯಾವಾಗಲೂ ಇರೋ ಮೂಲೇಲೇ.

ಧಾರವಾಡ_ಪೇಢಾ · 7:26

ಎದರ ಮ್ಯಾಲೆ?

ತಟ್ಟೆಇಡ್ಲಿ_ತುಮಕೂರು · 7:31

ಮೊದಲು ಸ್ಟೂಲ್ ಮೇಲಿತ್ತು. ಈಗ ಇನ್ವರ್ಟರ್ ಟ್ರಾಲಿ ಮೇಲೆ. ಹೋದ ತಿಂಗಳು ಹೊಸ ಇನ್ವರ್ಟರ್ ಬ್ಯಾಟರಿ ಹಾಕಿಸಿದಾಗ ಅದೇ ಮೂಲೆಗೆ ಬಂತು, ಟ್ರಾಲಿ ಮೇಲೆ ಪಂಜರ ಅಳತೆ ತೆಗೆದ ಹಾಗೆ ಕೂತ್ಕೊಳ್ತು. ಜಾಗ ಅದೇ, ಎತ್ತರ ಒಂದು ಗೇಣು ವ್ಯತ್ಯಾಸ ಅಷ್ಟೇ.

ಕುಡ್ಲದ_ಹಕ್ಕಿ · 7:33

"ಮನೇಲಿ ಏನೂ ಬದಲಾಗಿಲ್ಲ." 🙏

ಫೇಸ್_ನ್ಯೂಟ್ರಲ್ · 8:15

ನನಗೆ ಹಕ್ಕಿ ಗೊತ್ತಿಲ್ಲ, ಮಗಳು ಬಜ್ಜಿ ಸಾಕ್ತಾಳೆ ಅಂತ ಇಲ್ಲಿದ್ದೀನಿ. ಇನ್ವರ್ಟರ್ ಗೊತ್ತು. ಕರೆಂಟ್ ಹೋದಾಗ, ಬಂದಾಗ ಒಳಗಿನ ರಿಲೇ "ಟಕ್" ಅನ್ನುತ್ತೆ. ವಾಪಸ್ ಬಂದ ಮೇಲೆ ಚಾರ್ಜಿಂಗ್ ಶುರುವಾಗಿ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತೆ, ಕೆಲವದರಲ್ಲಿ ಫ್ಯಾನೂ ತಿರುಗುತ್ತೆ. ರಾತ್ರಿ ಎರಡಕ್ಕೆ ಕರೆಂಟ್ ಹೋಗುತ್ತಾ?

ಇನ್ನೊಂದು. ಹಕ್ಕಿ ಹೆದರದೇ ಇದ್ದಿದ್ರೂ ಅಲ್ಲಿಡಬಾರದು. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಜೊತೆಗೆ ಆಸಿಡ್ ತುಂತುರು. ಅದರ ಮೇಲೆ ಬಟ್ಟೆ ಮುಚ್ಚಿದ ಪಂಜರ! ಆ ಬಿಳಿ ಪುಡಿ ಇನ್ವರ್ಟರ್ ಫ್ಯಾನಿಗೂ ಒಳ್ಳೇದಲ್ಲ.

ತಟ್ಟೆಇಡ್ಲಿ_ತುಮಕೂರು · 8:22

ಕರೆಂಟ್ ಹೋಗಲ್ಲ. ಫ್ಯಾನ್ ನಿಂತಿದ್ದೇ ಇಲ್ಲ.

ಫೇಸ್_ನ್ಯೂಟ್ರಲ್ · 8:23

ಫ್ಯಾನ್ ನಿಲ್ಲಬಾರದು ಅಂತಾನೇ ಅಲ್ವಾ ಸಾರ್ ಇನ್ವರ್ಟರ್ ಹಾಕಿಸಿದ್ದು?

ಟೆರೇಸ್_ಏವಿಯರಿ · 8:50

ಇದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಅದರ ಅಲ್ಟ್ರಾಸೌಂಡ್ ಹಕ್ಕಿಗೆ ಕೇಳಿಸುತ್ತೆ, ನಮಗಲ್ಲ. ನಂದು 3 ಕಿಲೋವ್ಯಾಟ್ ಸೋಲಾರ್, ಪ್ಯೂರ್ ಸೈನ್, ಏವಿಯರಿಗೆ ಬೇರೇನೇ ಲೈನ್ ಎಳೆದಿದ್ದೀನಿ.

ಫೇಸ್_ನ್ಯೂಟ್ರಲ್ · 9:04

ಅಲ್ಟ್ರಾಸೌಂಡ್ ಬಾವಲಿ ವಿಷಯ. ಹಕ್ಕಿಗಳ ಕಿವಿಯ ವ್ಯಾಪ್ತಿ ನಮಗಿಂತ ಕಮ್ಮಿ. ಸೈನೋ ಸ್ಕ್ವೇರೋ, ರಿಲೇ ಎರಡರಲ್ಲೂ ಟಕ್ ಅನ್ನುತ್ತೆ.

ಕುಡ್ಲದ_ಹಕ್ಕಿ · 9:20

ಕಿವಿ ಬಿಡಿ, ಕಾಲು. ಹಕ್ಕಿಗಳ ಕಾಲಿನಲ್ಲಿ ಕಂಪನ ಗೊತ್ತಾಗುವ ನರದ ಗಂಟುಗಳು ಉಂಟು. ಗೆಲ್ಲು ಅಲುಗಿದರೆ ನಿದ್ದೆಯಲ್ಲೂ ಎಚ್ಚರ. ಹಾವು ಹತ್ತುವುದು ಹಾಗೆಯೇ ತಾನೆ ಗೊತ್ತಾಗಬೇಕಾದ್ದು. ಟ್ರಾಲಿ ನಡುಗಿದರೆ ಪಂಜರ ನಡುಗುತ್ತದೆ, ಪಂಜರ ನಡುಗಿದರೆ ಕೋಲು.

ಕೊಕ್ಕುಪುಕ್ಕ · 9:41

ಮೂರು ವಾರದಿಂದ ಬಿಸಿ ಇರೋ ಜಾಗ, ಕತ್ತಲೆ. ಮೈಟ್ಸ್ ಬೆಳೆಯೋಕೆ ಇದಕ್ಕಿಂತ ಬೇಕಾ?

ತಟ್ಟೆಇಡ್ಲಿ_ತುಮಕೂರು · ಮಂಗಳವಾರ 5:45

ಅತ್ತೆ ರಾತ್ರಿ ಎದ್ದು ಓಡಾಡ್ತಾರೆ ಅಂತ ಹಾಲ್‌ಗೆ ಹಾಕಿದ್ದ ಕ್ಯಾಮೆರಾ ಒಂದಿದೆ. ಅದನ್ನ ಪಂಜರದ ಕಡೆ ತಿರುಗಿಸಿ, ಆ ಕಡೆ ಬಟ್ಟೆ ಸರಿಸಿ ಇಟ್ಟಿದ್ದೆ. ಕತ್ತಲಲ್ಲೂ ಕಪ್ಪು ಬಿಳುಪಲ್ಲಿ ಕಾಣುತ್ತೆ.

1:48 ಟಕ್. ಒಂದು ಕಾಲಲ್ಲಿ ಮಲಗಿದ್ದ ಚಿನ್ನು ಇನ್ನೊಂದು ಕಾಲು ಇಳಿಸ್ತು, ಜುಟ್ಟು ನೆಟ್ಟಗೆ ನಿಂತ್ಕೊಳ್ತು. ಅಷ್ಟೇ. ಐದು ನಿಮಿಷ ಹಾಗೇ ನಿಂತಿದ್ದು ಮತ್ತೆ ತಲೆ ಹಿಂದಕ್ಕೆ ಹುದುಗಿಸಿ ಮಲಗ್ತು. 2:07ಕ್ಕೆ ಇನ್ನೊಂದು ಟಕ್, ತಕ್ಷಣ ಗುಂಯ್. ನೀರಿನ ಬಟ್ಟಲು ನೋಡಿ ನನಗೆ ಮೈ ಜುಂ ಅಂತು: ನೀರಲ್ಲಿ ಸಣ್ಣ ಸಣ್ಣ ಉಂಗುರ ಏಳ್ತಿದೆ. ಎರಡೇ ಸೆಕೆಂಡು, ಚಿನ್ನು ಕೋಲಿಂದ ಕಿತ್ಕೊಂಡು ಎದುರಿನ ಸರಳಿಗೆ ಬಿತ್ತು.

ಪಕ್ಕದ ಮನೆಯವರನ್ನ ಕೇಳಿದೆ. ಅವರಿಗೆ ಇನ್ವರ್ಟರ್ ಇಲ್ಲ. ಬೀದೀಲಿ ಕೇಬಲ್ ಕೆಲಸ ನಡೀತಿದೆ, ಹೆಚ್ಚುಕಮ್ಮಿ ದಿನಾ ಅದೇ ಹೊತ್ತಿಗೆ ಸ್ವಲ್ಪ ಹೊತ್ತು ತೆಗೀತಾರೆ, ಸೆಖೆಗೆ ನಾವು ಎದ್ದು ಕೂರ್ತೀವಿ, ನಿಮಗೆ ಗೊತ್ತೇ ಇಲ್ವಾ ಅಂದ್ರು.

ಧಾರವಾಡ_ಪೇಢಾ · 6:20

ಪಂಜರ ಇವತ್ತ ಎದುರಿನ ಗ್ವಾಡಿಗೆ ಸರಸ್ರಿ, ಕಟಗಿ ಸ್ಟೂಲ್ ಮ್ಯಾಲೆ. ಕಪ್ಪು ಬಟ್ಟಿ ಮೂರು ಕಡೆ ಸಾಕು, ಮುಂದಿನ ಕಡೆ ಬಿಡ್ರಿ. ಒಂದು ಜೀರೋ ಬಲ್ಬ್ ಇರಲಿ. ನೀವು ಪೂರಾ ಕತ್ತಲ ಮಾಡಿದ್ದಕ್ಕ ಜಾಸ್ತಿ ಆಗೈತಿ. ಬೆಚ್ಚಿದ ಹಕ್ಕಿಗೆ ಕೋಲು ಕಾಣಬೇಕು.

ತಟ್ಟೆಇಡ್ಲಿ_ತುಮಕೂರು · 6:28

ಜೀರೋ ಬಲ್ಬ್ ಇತ್ತು. ಇನ್ವರ್ಟರ್ ವೈರಿಂಗ್ ಮಾಡುವಾಗ ಎಲೆಕ್ಟ್ರಿಷಿಯನ್ ಆ ಪಾಯಿಂಟ್ ತೆಗೆದ್ರು, ಆಮೇಲೆ ನಾವೂ ಹಾಕಿಸಲಿಲ್ಲ. ಇದೂ ಹೇಳಬೇಕಿತ್ತಾ?

ಕುಡ್ಲದ_ಹಕ್ಕಿ · 6:29

ಇಲ್ಲ ಇಲ್ಲ, ನಾವು ಪ್ರಶ್ನೆ ಇಟ್ಟು ನೋಡುತ್ತಿದ್ದೆವು.

ಫೇಸ್_ನ್ಯೂಟ್ರಲ್ · 6:45

ಬಲ್ಬನ್ನ ಇನ್ವರ್ಟರ್ ಲೈನಿಗೇ ಕೊಡಿ, ಇಲ್ಲಾಂದ್ರೆ ಬೇಕಾದ ಹೊತ್ತಲ್ಲೇ ಆರುತ್ತೆ. ಮಿಣುಕೋ ಅಗ್ಗದ ಎಲ್‌ಇಡಿ ಬೇಡ. ನಮ್ಮ ಕರೆಂಟಲ್ಲಿ ಅಂಥ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತೆ. ನಮಗೆ ಕಾಣಲ್ಲ, ಹಕ್ಕಿಗಳ ಕಣ್ಣು ನಮಗಿಂತ ಚುರುಕು.

ಟೆರೇಸ್_ಏವಿಯರಿ · 7:30

ನಾನು ಏವಿಯರಿಗೆ ಡಿಸಿ ಲೈನಲ್ಲಿ 12 ವೋಲ್ಟ್ ಸ್ಟ್ರಿಪ್ ಹಾಕಿದ್ದೀನಿ, ಮಿಣುಕೋ ಪ್ರಶ್ನೆಯೇ ಇಲ್ಲ. ಫೋಟೋ ಯಾರೂ ಕೇಳಲಿಲ್ಲ, ಆದ್ರೂ ಹಾಕಿದ್ದೀನಿ.

ಕುಡ್ಲದ_ಹಕ್ಕಿ · 7:34

ಎರಡನೇ ಫೋಟೋದಲ್ಲಿ ನಾಟಿ ಗಿಳಿ ಕಾಣುತ್ತದೆ.

ಟೆರೇಸ್_ಏವಿಯರಿ · 7:36

ತೆಗೆದೆ.

ಕುಡ್ಲದ_ಹಕ್ಕಿ · 7:37

ಫೋಟೋವಾ, ಗಿಳಿಯಾ?

ತಟ್ಟೆಇಡ್ಲಿ_ತುಮಕೂರು · ಮುಂದಿನ ಸೋಮವಾರ ರಾತ್ರಿ 9:50

ಆರು ರಾತ್ರಿ ಆಯ್ತು. ಪಂಜರ ಎದುರು ಗೋಡೆ ಹತ್ರ ಸ್ಟೂಲ್ ಮೇಲೆ, ಕಾಲಿನ ಕೆಳಗೆ ಹಳೇ ಡೋರ್‌ಮ್ಯಾಟ್ ಮಡಿಸಿ ಇಟ್ಟಿದ್ದೀನಿ. ಬಲ್ಬ್ ಬಂತು. ಟಕ್ ಈಗಲೂ ಕೇಳಿಸುತ್ತೆ, ಜುಟ್ಟು ಏಳುತ್ತೆ, ಮಲಗುತ್ತೆ. ಗುರುವಾರ ಒಂದು ಸಲ ನಾಲ್ಕು ಗಂಟೆಗೆ ಕೋಲಿಂದ ಹಾರಿತು, ಯಾಕೆ ಅಂತ ವಿಡಿಯೋದಲ್ಲೂ ಗೊತ್ತಾಗಲಿಲ್ಲ. ಆದ್ರೆ ಬಡ್ಕೊಳ್ಳಲಿಲ್ಲ, ಸರಳು ಹಿಡ್ಕೊಂಡು ವಾಪಸ್ ಕೋಲಿಗೆ ಬಂತು. ಮುರಿದ ಗರಿ ಮುಟ್ಟಿಲ್ಲ, ತಾನಾಗಿ ಉದುರಲಿ ಅಂದ್ರು ಡಾಕ್ಟರ್. ಬಲ್ಬ್ ಕಣ್ಣಿಗೆ ಹೊಡೆಯುತ್ತೆ ಅಂತ ಅತ್ತೆಗೆ ಈಗ ನಿದ್ದೆ ಇಲ್ಲ.

ಕೊಕ್ಕುಪುಕ್ಕ · 9:58

ಒಳ್ಳೇದಾಯ್ತು. ಬಿಸಿನೀರಲ್ಲಿ ಕೋಲು ಅದ್ದಿ ನೋಡಿದ್ರಾ?

ಫೇಸ್_ನ್ಯೂಟ್ರಲ್ · 10:05

ಆ ಗುಂಯ್ ಅಷ್ಟು ಜೋರು ಇರಬಾರದು, ಬಟ್ಟಲಲ್ಲಿ ನೀರು ಅಲುಗೋ ಅಷ್ಟು ಅಂದ್ರೆ ಒಳಗೆ ಟ್ರಾನ್ಸ್‌ಫಾರ್ಮರ್ ಬೋಲ್ಟ್ ಸಡಿಲ ಇರಬಹುದು. ವಾರಂಟೀಲಿದ್ರೆ ಕರೆಸಿ. ಮಾಡೆಲ್ ನಂಬರ್ ಏನು?

ತಟ್ಟೆಇಡ್ಲಿ_ತುಮಕೂರು · 10:09

ಹಿಂಭಾಗದಲ್ಲಿ ಬರೆದಿದೆ, ಟ್ರಾಲಿ ಎಳೀಬೇಕು. ಈಗಷ್ಟೇ ಮಲಗಿದೆ. ನಾಳೆ ಹೇಳ್ತೀನಿ.