ತಂದೆಯವರ ಮಾತು ನನ್ನೊಡನೆ ಮಾತ್ರ ಎರಡೇ ನಿಮಿಷಕ್ಕೆ ಮುಗಿಯುವುದೇಕೆ?

ಪ್ರಶ್ನೆ: ಕುವೆಂಪುನಗರದ ನಿವಾಸಿ

ನಮ್ಮ ತಂದೆಯವರು ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಅಮ್ಮನೊಂದಿಗೆ ಇದ್ದಾರೆ. ಎಪ್ಪತ್ತು ದಾಟಿದ್ದರೂ ಬೇಸಾಯ ಬಿಟ್ಟಿಲ್ಲ. ನಾನು ಮೈಸೂರಿನಿಂದ ಸಂಜೆಯ ಹೊತ್ತು ಫೋನ್ ಮಾಡಿದಾಗಲೆಲ್ಲ "ಕಟ್ಟೆ ಎಷ್ಟಾಯ್ತಪ್ಪ?" ಎಂದು ಕೇಳುತ್ತಾರೆ. ನಾನು ಕೃಷ್ಣರಾಜಸಾಗರದ ಅಂದಿನ ಮಟ್ಟ ಹೇಳಿದ ಕೂಡಲೇ "ಸರಿ, ಮಡಗ್ತೀನಿ" ಎನ್ನುತ್ತಾರೆ. ಮಂಡ್ಯದಲ್ಲಿರುವ ತಂಗಿಯೊಡನೆ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಾರೆ. ನಾಲೆ ನೀರಿನ ಚಿಂತೆ ತೆಗೆದರೆ ಬೋರ್ ಕೊರೆಸೋಣ ಎಂದೋ, ಗದ್ದೆಯನ್ನು ಬೆಳೆಯ ಪಾಲಿನ ಲೆಕ್ಕದಲ್ಲಿ ವಾರಕ್ಕೆ ಕೊಟ್ಟುಬಿಡಿ ಎಂದೋ ನಾನು ಹೇಳುವುದುಂಟು. "ನೀವು ಕೇಳಿಸಿಕೊಳ್ಳುವುದಿಲ್ಲ, ತೀರ್ಪು ಕೊಡುತ್ತೀರಿ" ಎಂಬುದು ನನ್ನ ಪತ್ನಿಯ ಅಭಿಪ್ರಾಯ. ಚೆನ್ನಾಗಿ ಕೇಳಿಸಿಕೊಳ್ಳುವುದು ರೂಢಿಯಿಂದ ಬರುವಂಥದ್ದೇ?

ಉತ್ತರ 1: ಮದ್ದೂರಿನ ಗೃಹಿಣಿ

ಸರ್, ಕಟ್ಟೆಯ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ; ಪೂರ್ಣ ಮಟ್ಟ 124.80 ಅಡಿ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ತಮ್ಮ ತಂದೆಯವರು ಕೇಳುತ್ತಿರುವುದು ಅಂಕಿಯನ್ನಲ್ಲ ಎಂದು ನನಗೆ ತೋರುತ್ತದೆ. ಈ ಸಲ ವಿಶ್ವೇಶ್ವರಯ್ಯ ನಾಲೆಗೆ ನೀರನ್ನು ಬಿಡುತ್ತಲೇ ಇರುತ್ತಾರೋ, ಕಟ್ಟು ಪದ್ಧತಿಯಲ್ಲಿ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುತ್ತಾರೋ, ಭತ್ತದ ಒಟ್ಟಲು (ಸಸಿಮಡಿ) ಬಿಡಬಹುದೋ ಅಥವಾ ರಾಗಿಗೆ ಇಳಿಯಬೇಕೋ, ವರ್ಷವಿಡೀ ನೆಲ ಹಿಡಿದು ನಿಲ್ಲುವ ಕಬ್ಬನ್ನು ನಂಬಬಹುದೋ ಎಂಬ ಲೆಕ್ಕವೆಲ್ಲ ಆ ಒಂದು ಪ್ರಶ್ನೆಯ ಹಿಂದೆ ಇರುತ್ತದೆ. ಮಟ್ಟ ಹೇಳಿದ ಮೇಲೆ "ಹಂಗಾದ್ರೆ ಒಟ್ಲು ಯಾವಾಗ ಬಿಡ್ತೀರಪ್ಪ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ತಮ್ಮ ತಂಗಿ ಮಾಡುತ್ತಿರುವುದೂ ಬಹುಶಃ ಇಷ್ಟನ್ನೇ.

ಉತ್ತರ 2: ಸರಸ್ವತಿಪುರಂನ ನಿವೃತ್ತ ಅಧ್ಯಾಪಕ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ತಂದೆಯವರ ವಯಸ್ಸನ್ನು ನೋಡಿದರೆ, ಅವರಿಗೆ ತಮ್ಮ ಮಾತು ಸರಿಯಾಗಿ ಕೇಳಿಸುತ್ತಿದೆಯೇ ಎಂಬುದನ್ನೂ ವಿಚಾರಿಸಬೇಕು. ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಸಾಮಾನ್ಯವಾಗಿ ಮೊದಲು ಮಸುಕಾಗುವುದು ತೀಕ್ಷ್ಣ ಧ್ವನಿಗಳು. ಸ, ಶ, ತ, ಕ ಮೊದಲಾದ ವ್ಯಂಜನಗಳು ಜಾರಿಹೋಗಿ ಸ್ವರಗಳು ಮಾತ್ರ ಉಳಿಯುವುದರಿಂದ, ಮಾತಾಡುತ್ತಿದ್ದಾರೆಂದು ತಿಳಿಯುತ್ತದೆಯೇ ಹೊರತು ಏನು ಹೇಳಿದರೆಂದು ತಿಳಿಯುವುದಿಲ್ಲ. ಅದನ್ನು ಮುಚ್ಚಿಕೊಳ್ಳಲು ಹಿರಿಯರು "ಸರಿ" ಎಂದು ಮಾತು ಮುಗಿಸುವುದುಂಟು. ಫೋನಿನಲ್ಲಿ ತುಟಿಯ ಚಲನೆಯೂ ಕಾಣದು. ಕೂಗಿ ಹೇಳಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಸ್ಪಷ್ಟವಾಗುವುದಿಲ್ಲ. ಮೇಲಾಗಿ ಗದರಿದಂತೆ ಕೇಳಿಸುತ್ತದೆ. ಊರಿಗೆ ಹೋದಾಗ ಟಿವಿ ಆರಿಸಿ, ಬೆಳಕಿನಲ್ಲಿ ಎದುರಿಗೆ ಕುಳಿತು, ನಿಧಾನವಾಗಿ ಮಾತಾಡಿ ನೋಡಿ. ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳದೆ ಬೇರೆ ಪದಗಳಲ್ಲಿ ಹೇಳಿ. ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದಲೂ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. ತಮ್ಮ ಮನೆಗೆ ಅದು ದೂರವೇನೂ ಅಲ್ಲ.

ಉತ್ತರ 3: ಶ್ರೀರಂಗಪಟ್ಟಣದ ಓದುಗ

ಒಂದು ಎಚ್ಚರಿಕೆ. ಹೇಳಿದವರ ಮಾತನ್ನೇ ನಮ್ಮ ಪದಗಳಲ್ಲಿ ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ಅವರ ಜೊತೆಗಾರರು 1950ರ ದಶಕದಲ್ಲಿ ಪ್ರಚಾರಕ್ಕೆ ತಂದರು, ಇಂದಿನ ತರಬೇತಿಗಳಲ್ಲಿಯೂ ಅದನ್ನೇ ಕಲಿಸುತ್ತಾರೆ. "ಅಂದರೆ ನಿಮಗೆ ಆತಂಕವಾಗಿದೆ ಎನ್ನುತ್ತಿದ್ದೀರಿ" ಎಂದು ಮಂಡ್ಯದ ರೈತರೊಬ್ಬರಿಗೆ ಮಗ ಹೇಳಿದರೆ ಅವರು ಅಮ್ಮನನ್ನು ಕರೆದು "ಇವನಿಗೇನಾಯ್ತು ನೋಡೇ" ಎಂದಾರು! ನಮ್ಮ ಮನೆಗಳಲ್ಲಿ ಆ ಕೆಲಸವನ್ನು ವಿವರ ಕೇಳುವ ಪ್ರಶ್ನೆಯೇ ಮಾಡುತ್ತದೆ. ಇನ್ನು, ಸಲಹೆಯನ್ನೇ ಕೊಡಬಾರದೆಂಬ ಹಟವೂ ಬೇಡ; ಪಹಣಿ ತಿದ್ದುಪಡಿಯಂಥ ಕೆಲಸವಿದ್ದರೆ ಅವರಿಗೆ ಬೇಕಾಗಿರುವುದು ಓಡಾಡುವ ಮಗ. "ನಾನೇನಾದರೂ ಮಾಡಬೇಕಾ, ಇಲ್ಲ ಸುಮ್ಮನೆ ಹೇಳಿದ್ದಾ?" ಎಂದು ನೇರವಾಗಿ ಕೇಳಿಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಿವಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಆದರೆ ಪರೀಕ್ಷೆ ಎಂದರೆ "ನಾನೇನು ಕಿವುಡನಾ?" ಎಂದು ಸಿಡುಕುವುದು ಖಂಡಿತ. ಹೇಗೆ ಕರೆತರಲಿ?

ಉತ್ತರ 2 ಬರೆದವರು

ದಸರಾ ರಜೆಗೆ ಅಪ್ಪ-ಅಮ್ಮ ಇಬ್ಬರನ್ನೂ ಮನೆಗೆ ಕರೆಸಿಕೊಳ್ಳಿ. ಮೊದಲು ಅಮ್ಮನ ಪರೀಕ್ಷೆ ಎಂದು ಹೊರಡಿಸಿ, ಅಲ್ಲಿ ತಾವೂ ಮಾಡಿಸಿಕೊಳ್ಳಿ. ಮೂರನೆಯವರಾಗಿ ಕೂರುವುದಕ್ಕೆ ಅವರು ಅಷ್ಟಾಗಿ ಸಿಡುಕಲಾರರು.