ಅಪ್‌ಡೇಟ್: ಮಗಳ ಜೀವನಾಂಶಕ್ಕೆ ಅರ್ಜಿ ಹಾಕಿದೆ

ಡೈವೋರ್ಸ್ ಆಗದೆ, ಬೇರೆ ಇದ್ದುಕೊಂಡೇ ಮಗಳ ಖರ್ಚು ಕೇಳಬಹುದಾ ಎಂದು ಕೇಳಿದ್ದೆ. ಕೇಳಬಹುದು. ಹಾಸನದ ಕೋರ್ಟ್‌ನಲ್ಲಿ ಅರ್ಜಿ ಹಾಕಿದ್ದೇನೆ. ಜೀವನಾಂಶಕ್ಕೆ ಇದ್ದ ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಬದಲು 2024ರ ಜುಲೈಯಿಂದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಬಂದಿದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ, ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ನನಗೂ ಹಾಗೇ ಸಿಕ್ಕರು.

ನನ್ನ ಗಂಡನದು ಒಂದೇ ರಾಗ: "ಸಕಲೇಶಪುರದ ತೋಟದಲ್ಲಿ ಏನೂ ಹುಟ್ಟಲ್ಲ." ಮೆಣಸು ಮಾರಿದ ದುಡ್ಡು ಎಲ್ಲಿ ಹೋಯಿತೋ! ಸುಪ್ರೀಂ ಕೋರ್ಟ್‌ನ 2020ರ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ನನ್ನ ಹೊಲಿಗೆ ಸಂಪಾದನೆಯನ್ನೂ, ಬ್ಲೌಸ್‌ಗೆ ಎಷ್ಟು, ಫಾಲ್‌ಗೆ ಎಷ್ಟು ಅಂತ ವಕೀಲರು ಕೇಳಿ ಬರೆಸಿದರು. ಅದೇ ತೀರ್ಪಿನಂತೆ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಸುಮ್ನೆ ಎಳೆದಷ್ಟೂ ಬಾಕಿ ಜಾಸ್ತಿ ಗಂಡನಿಗೇ, ಅಲ್ವಾ?

ನೋಟಿಸ್ ಅವರಿಗೆ ಮುಟ್ಟಿದೆ. ಅಫಿಡವಿಟ್ ಇನ್ನೂ ಬಂದಿಲ್ಲ.